ಗ್ರಹಣಕ್ಕೆ ಮುಚ್ಚದ ಬಾಗಿಲು

ಕಳೆದ ಚಳಿಗಾಲದ ಒಂದು ಸಂಜೆ ಕುಂದಾಪುರದ ಶಾಲೆಯೊಂದರ ಸಭಾಂಗಣದಲ್ಲಿ ನಡೆದ ಸಾರ್ವಜನಿಕ ಖಗೋಳ ಉಪನ್ಯಾಸಕ್ಕೆ ನಾವು ಹೋಗಿದ್ದೆವು. ಏರ್ಪಡಿಸಿದವರು ವಿಶ್ವವಿದ್ಯಾಲಯವೊಂದರ ಭೌತಶಾಸ್ತ್ರ ವಿಭಾಗದವರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ವಚನಶಾಸ್ತ್ರ, ಷಟ್‌ಸ್ಥಲ ಸಿದ್ಧಾಂತಗಳನ್ನು ಓದಿ ತಲೆ ನರೆತ ನಮ್ಮಂಥವರಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಾವೂ ಹಿಂದಿನ ಬೆಂಚಿನಲ್ಲಿ ಸಂಕೋಚದಿಂದಲೇ ಕುಳಿತಿದ್ದೆವು. ಆದರೆ ಎರಡು ಗಂಟೆಗಳ ತರುವಾಯ ಹೊರಗೆ ಬರುವಾಗ, ನಮ್ಮ ಮನೆಗಳಲ್ಲಿ ಬಹುಕಾಲದಿಂದ ಇತ್ಯರ್ಥವಾಗದೆ ಉಳಿದಿರುವ ಒಂದು ವಿಷಯವನ್ನು ಈ ಪತ್ರಿಕೆಯ ಕುಟುಂಬಗಳ ಮುಂದೆ ಇಡಲೇಬೇಕೆಂಬ ನಿಶ್ಚಯ ಮೂಡಿತ್ತು.

ಸಭೆ ತುಂಬಿತ್ತು. ಬೈಂದೂರಿನ ಕಡೆಯಿಂದ ಬಸ್ಸು ಹತ್ತಿ ಬಂದ ಕಾಲೇಜು ವಿದ್ಯಾರ್ಥಿಗಳು, ಬ್ರಹ್ಮಾವರದ ಶಾಲಾಶಿಕ್ಷಕರು, ಗಂಗೊಳ್ಳಿಯ ಮೀನುಗಾರರು, ಮಕ್ಕಳ ಕೈಹಿಡಿದ ತಾಯಂದಿರು, ಬೇಸಾಯದ ಹಿರಿಯರು ಅಲ್ಲಿದ್ದರು. ಉಪನ್ಯಾಸಕರು ಒಂದು ಸುಲಿದ ತೆಂಗಿನಕಾಯಿಯನ್ನೂ ಒಂದು ನಿಂಬೆಹಣ್ಣನ್ನೂ ಮೇಜಿನ ಮೇಲಿರಿಸಿ ಮಾತು ಆರಂಭಿಸಿದರು. ಹನ್ನೆರಡು ಸೆಂಟಿಮೀಟರ್ ಅಗಲದ ಆ ಕಾಯಿ ನಮ್ಮ ಭೂಮಿಯಾದರೆ, ಮೂರು ಸೆಂಟಿಮೀಟರಿಗೆ ತುಸು ಮಿಕ್ಕ ನಿಂಬೆಹಣ್ಣು ಚಂದ್ರ. ಎರಡರ ನಡುವಿನ ಅಂತರ ಎಷ್ಟಿರಬೇಕು? ಮಕ್ಕಳು ಗೇಣು ತೋರಿಸಿದರು, ಮೊಳ ತೋರಿಸಿದರು. ಉಪನ್ಯಾಸಕರು ಒಬ್ಬ ಹುಡುಗನ ಕೈಗೆ ನಿಂಬೆಹಣ್ಣನ್ನು ಕೊಟ್ಟು ಮೂರೂವರೆ ಮೀಟರಿನಷ್ಟು ದೂರಕ್ಕೆ ನಡೆಸಿದರು. ಸೂರ್ಯನೆಲ್ಲಿ ಎಂದು ಕೇಳಿದಾಗ ಕಿಟಕಿಯಾಚೆಗೆ ಕೈಚಾಚಿ, ಇದೇ ಪ್ರಮಾಣದಲ್ಲಿ ಸೂರ್ಯನು ಹದಿಮೂರು ಮೀಟರ್ ಅಗಲದ ಗೋಳವಾಗಿ ಇಲ್ಲಿಂದ ಸುಮಾರು ಒಂದು ಕಿಲೋಮೀಟರು ನಾನೂರು ಮೀಟರ್ ದೂರದಲ್ಲಿರುತ್ತಾನೆ ಎಂದರು. ಸಭೆ ಒಂದು ಕ್ಷಣ ನಿಶ್ಶಬ್ದವಾಯಿತು. ಅಷ್ಟು ಬಯಲಿನ ನಡುವೆ ಒಂದು ತೆಂಗಿನಕಾಯಿ, ಒಂದು ನಿಂಬೆಹಣ್ಣು!

ಪ್ರಶ್ನೆಗಳ ಸಮಯ ಬಂದಾಗ ಮೊದಲು ಎದ್ದವರು ಮುಂದಿನ ಸಾಲಿನ ಒಬ್ಬ ಅಜ್ಜಿ. “ಅಲ್ಲ ಮಾಸ್ಟ್ರೇ, ಸೂರ್ಯನ್ನ ಹಾವ್ ನುಂಗೂದ್ ಸುಳ್ಳಾ ಹಂಗಾರೆ?” ಎಂದರು. ಯಾರೂ ನಗಲಿಲ್ಲ. ಉಪನ್ಯಾಸಕರು ಕೈಮುಗಿದು, “ನಿಮ್ಮ ಹಿರಿಯರು ಕಂಡದ್ದು ಸುಳ್ಳಲ್ಲಮ್ಮಾ, ಸೂರ್ಯ ಮರೆಯಾದದ್ದು ನಿಜ. ಮರೆಮಾಡಿದ್ದು ಹಾವಲ್ಲ, ಚಂದ್ರ. ಇಲ್ಲಿ ಕಾಣಿ” ಎಂದು ದೀಪದ ಮುಂದೆ ನಿಂಬೆಹಣ್ಣನ್ನು ಹಿಡಿದು, ಅದರ ನೆರಳು ತೆಂಗಿನಕಾಯಿಯ ಮೇಲೆ ಚುಕ್ಕೆಯಾಗಿ ಬೀಳುವುದನ್ನು ತೋರಿಸಿದರು. ಅಜ್ಜಿ ಕುಳಿತುಕೊಳ್ಳಲಿಲ್ಲ. ತುಸು ತಗ್ಗಿದ ದನಿಯಲ್ಲಿ ಅವರು ಕೇಳಿದ ಎರಡನೆಯ ಪ್ರಶ್ನೆಯೇ ಅವರನ್ನು ಅಲ್ಲಿಗೆ ಕರೆತಂದಿತ್ತು. ಮೊಮ್ಮಗಳು ಬಸುರಿ, ಗ್ರಹಣದ ದಿನ ಆಕೆ ಉಣ್ಣಬಹುದೇ, ಹೊರಗೆ ಬರಬಹುದೇ?

ನೆರಳಿನ ಲೆಕ್ಕ

ಆ ಸಂಜೆ ಕೇಳಿದ ವಿವರಣೆಯ ಸಾರವನ್ನು ವಾಚಕರಿಗೆ ತಿಳಿಸುವುದು ಉಚಿತ. ಸೂರ್ಯನ ವ್ಯಾಸ ಸುಮಾರು 13,92,000 ಕಿಲೋಮೀಟರ್, ಚಂದ್ರನದು 3,474. ಅಂದರೆ ಸೂರ್ಯನು ಚಂದ್ರನಿಗಿಂತ ನಾನೂರು ಪಟ್ಟು ದೊಡ್ಡವನು. ಆದರೆ ಅವನು ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಚಂದ್ರನು ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ದೂರದ ಅನುಪಾತವೂ ನಾನೂರರ ಆಸುಪಾಸೇ ಆದುದರಿಂದ ನಮ್ಮ ಕಣ್ಣಿಗೆ ಎರಡೂ ಬಿಂಬಗಳು ಹೆಚ್ಚು ಕಡಿಮೆ ಸಮನಾಗಿ ತೋರುತ್ತವೆ. ಅಮಾವಾಸ್ಯೆಯಂದು ಚಂದ್ರನು ಸೂರ್ಯನಿಗೂ ನಮಗೂ ನಡುವೆ ನೇರವಾಗಿ ಬಂದರೆ ಸೂರ್ಯಗ್ರಹಣ. ಹುಣ್ಣಿಮೆಯಂದು ಭೂಮಿಯ ನೆರಳೊಳಗೆ ಚಂದ್ರನು ಹೊಕ್ಕರೆ ಚಂದ್ರಗ್ರಹಣ. ಚಂದ್ರನ ದಾರಿಯು ಭೂಕಕ್ಷೆಯ ಸಮತಲಕ್ಕೆ ಸುಮಾರು ಐದು ಡಿಗ್ರಿಗಳಷ್ಟು ಓರೆಯಾಗಿದೆ. ಆದಕಾರಣ ಪ್ರತಿ ಅಮಾವಾಸ್ಯೆಗೂ ಗ್ರಹಣವಾಗುವುದಿಲ್ಲ. ಆ ಎರಡು ತಲಗಳು ಸಂಧಿಸುವ ಬಿಂದುಗಳಿಗೇ ನಮ್ಮ ಪೂರ್ವಿಕರು ರಾಹು, ಕೇತು ಎಂದು ಹೆಸರಿಟ್ಟರು. ಗಣಿತಜ್ಞನಿಗೆ ಅವು ಬಿಂದುಗಳು; ಜನಸಾಮಾನ್ಯರ ಕಥೆಗಳಲ್ಲಿ ಅವು ಹಾವುಗಳು.

ಇದು ಹೊರಗಿನಿಂದ ಬಂದ ಹೊಸ ವಿದ್ಯೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಕ್ರಿ.ಶ. 499ರಲ್ಲೇ ಆರ್ಯಭಟನು ಚಂದ್ರನು ಸೂರ್ಯನನ್ನೂ ಭೂಮಿಯ ನೆರಳು ಚಂದ್ರನನ್ನೂ ಮರೆಮಾಡುತ್ತವೆಂದು ಬರೆದಿಟ್ಟನು. 1114ರಲ್ಲಿ ಹುಟ್ಟಿದ, ಸಹ್ಯಾದ್ರಿಯ ಸಮೀಪದ ಊರಿನವನೆಂದು ತಾನೇ ಹೇಳಿಕೊಂಡಿರುವ ಭಾಸ್ಕರಾಚಾರ್ಯನು 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿ ಗ್ರಹಣ ಗಣಿತವನ್ನು ವಿಸ್ತಾರವಾಗಿ ನಿರೂಪಿಸಿದನು. ವಾಚಕರು ಈ ವರ್ಷವನ್ನು ಗಮನಿಸಬೇಕು. ಅದು ಬಸವಾದಿ ಶರಣರ ಶತಮಾನ. ಒಂದು ಕಡೆ ಗ್ರಹಣದ ನಿಜವನ್ನು ಲೆಕ್ಕ ಹಾಕಿ ತಿಳಿದ ಪಂಡಿತರಿದ್ದರು. ಆ ತಿಳಿವು ಸಂಸ್ಕೃತ ಶ್ಲೋಕಗಳೊಳಗೆ ಭದ್ರವಾಗಿತ್ತು. ಇನ್ನೊಂದು ಕಡೆ ಅನುಭಾವದ ನಿಜವನ್ನು ಕನ್ನಡದಲ್ಲಿ, ಅಂಬಿಗರ, ಮಡಿವಾಳರ, ಕಾಯಕದ ಹೆಣ್ಣುಮಕ್ಕಳ ನಡುವೆ ಚರ್ಚಿಸಿದ ಶರಣರಿದ್ದರು. ಒಂದೇ ನಾಡಿನ ಆಸುಪಾಸಿನಲ್ಲಿ, ಒಂದೇ ಕಾಲದಲ್ಲಿ ಇದ್ದ ಈ ಎರಡು ಧಾರೆಗಳು ಕೂಡಲಿಲ್ಲ. ಕೂಡಿದ್ದರೆ ಗ್ರಹಣದ ಭಯ ನಮ್ಮ ಮನೆಗಳಲ್ಲಿ ಇಷ್ಟು ದೀರ್ಘಕಾಲ ಉಳಿಯುತ್ತಿರಲಿಲ್ಲವೇನೋ. ಕುಂದಾಪುರದ ಆ ಸಭಾಂಗಣದಲ್ಲಿ ಅಜ್ಜಿಯ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ದೊರೆತಾಗ, ಕೂಡದೆ ಉಳಿದ ಆ ಎರಡು ಧಾರೆಗಳು ಕೂಡುವುದನ್ನು ಕಂಡಂತಾಯಿತು.

ನಾವು ಕಳೆದುಕೊಂಡ ಎರಡು ನಿಮಿಷ

ಇಲ್ಲಿ ನಮ್ಮ ಸ್ವಂತದ ಒಂದು ಪ್ರಸಂಗವನ್ನು ನಿವೇದಿಸಬೇಕಾಗಿದೆ. 1980ರ ಫೆಬ್ರುವರಿ 16ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ನೆಲವನ್ನು ಮುಟ್ಟಿ ಗದಗ, ರಾಯಚೂರುಗಳ ಮೂಲಕ ಪೂರ್ವಕ್ಕೆ ಹಾಯ್ದುಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ಬಿಡಾರ ಹೂಡಿ ವೀಕ್ಷಿಸಿದರು. ಆಗ ನಾವು ಆ ನೆರಳಿನ ಪಟ್ಟಿಯೊಳಗೇ ಇದ್ದ ಊರೊಂದರ ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದ ವಿದ್ಯಾರ್ಥಿ. ಬೆಳಿಗ್ಗೆಯೇ ಪ್ರಸಾದ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ನಮ್ಮನ್ನೆಲ್ಲ ಒಳಗೆ ಕೂರಿಸಿ, ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಬಾಗಿಲು ಹಾಕಲಾಯಿತು. ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ಮೂರೂವರೆ ದಾಟಿದ ಮೇಲೆ ಗೋಣಿಯ ಸಂದಿನ ಬೆಳಕು ಬೂದಿಬಣ್ಣಕ್ಕೆ ತಿರುಗಿ ಆರಿಹೋಯಿತು. ಹೊರಗೆ ಬೇವಿನ ಮರದಲ್ಲಿ ಕಾಗೆಗಳು ಗೂಡು ಸೇರುವ ಸದ್ದು ಕೇಳಿಸಿತು. ಎರಡು ನಿಮಿಷಗಳಿಗೂ ಮಿಕ್ಕ ಆ ಕತ್ತಲೆಯಲ್ಲಿ ನಾವು ಮಂತ್ರ ಜಪಿಸುತ್ತ ಕಣ್ಣುಮುಚ್ಚಿ ಕುಳಿತಿದ್ದೆವು. ಮತ್ತೆ ಕಾಗೆ ಕೂಗಿತು, ಬೆಳಕು ಬಂತು. ಹೊರಗೆ ಬಿಟ್ಟಾಗ ಸೂರ್ಯ ಎಂದಿನಂತೆ ಇದ್ದ.

ಬಾಗಿಲು ಹಾಕಿದ ಹಿರಿಯರನ್ನು ನಾವಿಂದು ದೂಷಿಸುವುದಿಲ್ಲ. ಮಕ್ಕಳ ಕಣ್ಣು ಕೆಡದಿರಲೆಂಬ ಕಾಳಜಿ ಅವರಲ್ಲಿತ್ತು; ಆ ಕಾಳಜಿ ನ್ಯಾಯವಾದದ್ದೇ. ಆದರೆ ಒಂದೇ ಊರಿಗೆ ಪೂರ್ಣ ಸೂರ್ಯಗ್ರಹಣವು ಸರಾಸರಿ 375 ವರ್ಷಗಳಿಗೊಮ್ಮೆ ಮಾತ್ರ ಬರುವುದೆಂದು ಖಗೋಳಜ್ಞರು ಲೆಕ್ಕ ಹಾಕಿದ್ದಾರೆ. ನಮ್ಮ ಊರಿಗೆ, ನಮ್ಮ ತಲೆಯ ಮೇಲೆಯೇ ಅದು ಬಂದಿತ್ತು. ನೋಡಬಹುದೆಂದು, ಹೀಗೆ ನೋಡಬೇಕೆಂದು ಹೇಳುವ ಒಬ್ಬ ಉಪನ್ಯಾಸಕ ಅಂದು ಆ ನಿಲಯಕ್ಕೆ ಬಂದಿದ್ದರೆ ನೂರಾರು ಬಡಮಕ್ಕಳು ಜೀವಮಾನದಲ್ಲಿ ಒಮ್ಮೆ ಕಾಣಬಹುದಾದುದನ್ನು ಕಾಣುತ್ತಿದ್ದರು.

ನಾವು ಕಳೆದುಕೊಂಡದ್ದು ಒಂದು ನೋಟ ಮಾತ್ರ. ಅದಕ್ಕಿಂತ ಘೋರವಾದದ್ದು 2019ರ ಡಿಸೆಂಬರ್ 26ರಂದು ನಡೆಯಿತು. ಅಂದು ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸಾವಿರಾರು ಜನರು ಕಂಕಣ ಸೂರ್ಯಗ್ರಹಣದ ಬೆಂಕಿಯುಂಗುರವನ್ನು ಸುರಕ್ಷಿತ ಕನ್ನಡಕಗಳ ಮೂಲಕ ಕಂಡು ಬೆರಗಾದರು. ಉಡುಪಿ, ಕುಂದಾಪುರಗಳಲ್ಲಿಯೂ ಸೂರ್ಯಬಿಂಬದ ಬಹುಭಾಗ ಮುಚ್ಚಿತ್ತು. ಅದೇ ಬೆಳಿಗ್ಗೆ, ಅದೇ ಸೂರ್ಯನ ಕೆಳಗೆ, ಶರಣರು ನಡೆದಾಡಿದ ಕಲಬುರಗಿ ಸೀಮೆಯ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ತಿಪ್ಪೆಗುಂಡಿಯಲ್ಲಿ ಹೂತು ನಿಲ್ಲಿಸಿದರು. ಗ್ರಹಣಕಾಲದಲ್ಲಿ ಹಾಗೆ ಹೂತರೆ ಊನ ವಾಸಿಯಾಗುವುದೆಂಬ ನಂಬಿಕೆ! ಅಧಿಕಾರಿಗಳು ಬಂದು ಮಕ್ಕಳನ್ನು ಹೊರತೆಗೆಸಿದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿ ನಾವು ಅಂದು ಉಣ್ಣಲಾರದೆ ಹೋದೆವು. ಆ ತಂದೆತಾಯಿಗಳು ಕ್ರೂರಿಗಳಲ್ಲ. ಮಗುವಿನ ಮೇಲಿನ ಪ್ರೀತಿಯೇ ಅವರನ್ನು ಗುಂಡಿ ತೋಡಿಸಿತು. ತಿಳಿವಿಲ್ಲದ ಪ್ರೀತಿ ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಲಿಂಗವಂತರಿಗೆ ಗ್ರಹಣ ಸೂತಕವುಂಟೆ?

ಶರಣ ಬಂಧುಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಮ್ಮ ಧರ್ಮವು ನಿರಾಕರಿಸಿದೆ. ಅಂಗದ ಮೇಲೆ ಇಷ್ಟಲಿಂಗವಿರುವವರಿಗೆ ಹೊಲೆಯಿಲ್ಲ, ಮೈಲಿಗೆಯಿಲ್ಲ. ಹೆಣ್ಣುಮಕ್ಕಳು ಮುಟ್ಟಾದ ದಿನಗಳಲ್ಲಿಯೂ ಲಿಂಗಪೂಜೆ ಮಾಡಬಹುದೆಂದು ಎಂಟುನೂರು ವರ್ಷಗಳ ಹಿಂದೆಯೇ ಸಾರಿದ ಪರಂಪರೆ ನಮ್ಮದು. ಶುಭದಿನವೆಂಬುದು ಚಂದ್ರಬಲ, ತಾರಾಬಲಗಳಿಂದ ಬರುವುದಲ್ಲ, ಭಕ್ತರ ಒಳ್ಳೆಯ ಮಾತಿನಿಂದ ಬರುವುದೆಂಬುದು ಬಸವಣ್ಣನವರ ನಿಲುವು. ಹೀಗಿರುವಾಗ, ಹೆತ್ತ ತಾಯಿಯ ಮೈಯಿಂದ ಬಾರದ ಮೈಲಿಗೆ ಮೂರೂಮುಕ್ಕಾಲು ಲಕ್ಷ ಕಿಲೋಮೀಟರ್ ಆಚೆಗಿನ ಒಂದು ಕಲ್ಲುಗೋಳದ ನೆರಳಿನಿಂದ ಬರುವುದೆಂದು ನಾವು ನಂಬಬಹುದೆ?

ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಗ್ರಹಣದಂದು ಮಾಡಿದ ಅಡುಗೆ ಚೆಲ್ಲುತ್ತಾರೆ, ತುಂಬಿದ ಕೊಡ ಬರಿದು ಮಾಡುತ್ತಾರೆ, ಬಸುರಿಯರನ್ನು ಕತ್ತಲ ಕೋಣೆಯಲ್ಲಿ ಉಪವಾಸ ಮಲಗಿಸುತ್ತಾರೆ. ಅಜ್ಜಿಯ ಪ್ರಶ್ನೆಗೆ ಉಪನ್ಯಾಸಕರು ಕೊಟ್ಟ ಉತ್ತರವನ್ನು ಇಲ್ಲಿ ಹೇಳಬೇಕು. ಸೀಳುತುಟಿಯು ಗರ್ಭದ ಮೊದಲ ಎರಡು, ಮೂರು ತಿಂಗಳುಗಳಲ್ಲಿ ಮುಖದ ಭಾಗಗಳು ಸರಿಯಾಗಿ ಕೂಡಿಕೊಳ್ಳದಿದ್ದಾಗ ಉಂಟಾಗುತ್ತದೆ. ವಂಶವಾಹಿಗಳು, ಪೋಷಕಾಂಶದ ಕೊರತೆ, ಹೊಗೆಸೊಪ್ಪಿನ ಸೇವನೆ ಮೊದಲಾದವು ಅದಕ್ಕೆ ಕಾರಣವಾಗಬಹುದು. ಗ್ರಹಣದ ನೆರಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬಸುರಿ ನೀರೂ ಕುಡಿಯದೆ ಗಂಟೆಗಟ್ಟಲೆ ಕುಳಿತರೆ ಅವಳಿಗೂ ಕೂಸಿಗೂ ತೊಂದರೆಯಾಗಬಹುದು. “ಮೊಮ್ಮಗಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ ಅಮ್ಮಾ, ಉಳಿದದ್ದನ್ನು ಡಾಕ್ಟರನ್ನು ಕೇಳಿ” ಎಂದರು. ಅಜ್ಜಿ ತಲೆಯಾಡಿಸಿ ಕುಳಿತರು. ಒಪ್ಪಿದರೋ ಇಲ್ಲವೋ ನಾವರಿಯೆವು. ಆದರೆ ಕೇಳಿಸಿಕೊಂಡರು. ಬಳಿಕ ಮೈದಾನದಲ್ಲಿ ಸಾಲುನಿಂತು ದೂರದರ್ಶಕದಲ್ಲಿ ಗುರುಗ್ರಹವನ್ನೂ ಅದರ ಬದಿಗೆ ಸಾಲಾಗಿ ತೋರುವ ನಾಲ್ಕು ಚಂದ್ರರನ್ನೂ ನೋಡಿದರು.

ಜ್ಞಾನದಾಸೋಹದ ಮನೆಗಳು

ಈ ಕೆಲಸವನ್ನು ಕರಾವಳಿಯಲ್ಲಿ ನಡೆಸುತ್ತ ಬಂದವರನ್ನು ನೆನೆಯುವುದು ನಮ್ಮ ಕರ್ತವ್ಯ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಭೌತಶಾಸ್ತ್ರ ವಿಭಾಗವನ್ನು ಆಶ್ರಯಿಸಿ ಬೆಳೆದ ಹವ್ಯಾಸಿ ಖಗೋಳ ವೀಕ್ಷಕರ ಸಂಘವು ಗ್ರಹಣ, ಗ್ರಹಗಳ ಸಮಾಗಮ, ನೆರಳಿಲ್ಲದ ದಿನ ಮೊದಲಾದ ಸಂದರ್ಭಗಳಲ್ಲಿ ಸಾರ್ವಜನಿಕರಿಗೆ ಉಪನ್ಯಾಸ, ವೀಕ್ಷಣೆಗಳನ್ನು ಏರ್ಪಡಿಸುತ್ತ ಬಂದಿದೆ. ಅಲ್ಲಿ ಭೌತಶಾಸ್ತ್ರ ಬೋಧಿಸಿದ ಡಾ. ಎ. ಪಿ. ಭಟ್ಟರ ಸರಳ ವಿವರಣೆಗಳನ್ನು ಜಿಲ್ಲೆಯ ಪತ್ರಿಕಾ ವಾಚಕರೆಲ್ಲ ಬಲ್ಲರು. ಮಣಿಪಾಲದ ವಿಶ್ವವಿದ್ಯಾಲಯದಲ್ಲಿಯೂ ನೈಸರ್ಗಿಕ ವಿಜ್ಞಾನ ಕೇಂದ್ರವೊಂದಿದ್ದು ಖಗೋಳ ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಯುತ್ತಿದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಪೂರ್ಣಪ್ರಜ್ಞ ಕಾಲೇಜನ್ನು 1960ರಲ್ಲಿ ಸ್ಥಾಪಿಸಿದವರು ಅದಮಾರು ಮಠದ ಶ್ರೀ ವಿಬುಧೇಶತೀರ್ಥರು. ಸಂಪ್ರದಾಯ ಬೇರೆಯಾದರೂ, ಮಠ ಕಟ್ಟಿದ ವಿದ್ಯಾಲಯವೊಂದರ ಅಂಗಳದಲ್ಲಿ ದೂರದರ್ಶಕ ನಿಂತಿರುವುದನ್ನು ಮಠದ ಅನ್ನವುಂಡು ಬೆಳೆದ ನಾವು ಗೌರವದಿಂದ ಕಾಣುತ್ತೇವೆ.

ಕನ್ನಡದಲ್ಲಿ ಈ ಪರಂಪರೆ ಹಳೆಯದು. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಬರೆದರು. ಮೈಸೂರು ವಿಶ್ವವಿದ್ಯಾಲಯವು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ ಅವನ್ನು ಕಿರುಹೊತ್ತಗೆಗಳಾಗಿ ಜನರಿಗೆ ಮುಟ್ಟಿಸಿತು. ಅದೇ ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದಲ್ಲಿ ದುಡಿದ ಜಿ. ಟಿ. ನಾರಾಯಣರಾಯರು (1926–2008) ಊರೂರಿಗೆ ಹೋಗಿ ಜನರನ್ನು ಬಯಲಲ್ಲಿ ನಿಲ್ಲಿಸಿ ನಕ್ಷತ್ರಗಳನ್ನು ಪರಿಚಯಿಸಿದರು. ಬೆಂಗಳೂರಿನ ನೆಹರೂ ತಾರಾಲಯದಲ್ಲಿದ್ದ ಡಾ. ಬಿ. ಎಸ್. ಶೈಲಜಾ ಅವರು ನಮ್ಮ ಶಿಲಾಶಾಸನಗಳಲ್ಲಿ ದಾನದ ಕಾಲವನ್ನು ಸೂಚಿಸಲು ಕೆತ್ತಿರುವ ಗ್ರಹಣ, ಸಂಕ್ರಮಣಗಳ ಉಲ್ಲೇಖಗಳನ್ನು ಖಗೋಳ ಗಣಿತದೊಡನೆ ತಾಳೆನೋಡಿದ್ದಾರೆ. ಬಾರಕೂರು, ಬಸರೂರುಗಳಂಥ ಶಾಸನಸಮೃದ್ಧ ಊರುಗಳ ನೆರೆಯಲ್ಲಿರುವ ಮಕ್ಕಳಿಗೆ ಇದು ಎಷ್ಟು ಸ್ವಾರಸ್ಯದ ಪಾಠವಾಗಬಲ್ಲುದು!

ಬಯಲುಸೀಮೆಯ ವಾಚಕರಿಗೂ ಒಂದು ಮಾತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಪ್ರಸಿದ್ಧ ಹರ್ಷೆಲ್ ಮನೆತನದ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿಯು ಬಂದು ನಿಂತದ್ದು ಜಮಖಂಡಿಯಲ್ಲಿ. ಮೋಡಗಳ ಎಡೆಯಲ್ಲಿ ಆತ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಒಡೆದು ಪರೀಕ್ಷಿಸಿದ. ಗುಂಟೂರಿನಲ್ಲಿ ನಿಂತಿದ್ದ ಫ್ರಾನ್ಸಿನ ಜಾನ್ಸನ್ ಕೂಡ ಅಂದೇ ಅದನ್ನು ಕಂಡ. ಆ ವರ್ಷದ ಇಂಥ ವೀಕ್ಷಣೆಗಳೇ ಹೀಲಿಯಂ ಎಂಬ ಹೊಸ ಮೂಲವಸ್ತುವಿನ ಅರಿವಿಗೆ ದಾರಿ ತೆರೆದವು. ಲೋಕದ ವಿದ್ವಾಂಸರು ಕಡಲು ದಾಟಿ ನಮ್ಮ ನೆಲಕ್ಕೆ ಬಂದು ಕಂಡದ್ದನ್ನು ನಾವು ಗೋಣಿತಾಟಿನ ಹಿಂದೆ ಕುಳಿತು ಕಳೆದುಕೊಂಡೆವು.

ಭಾಷೆಯ ಬಾಗಿಲು

ಉಪನ್ಯಾಸಗಳ ವಿಷಯದಲ್ಲಿ ನಮ್ಮದೊಂದು ಅಸಮಾಧಾನವೂ ಇದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಸಂಸ್ಥೆಯಲ್ಲಿ ನಡೆದ ಇಂಥದೇ ಕಾರ್ಯಕ್ರಮಕ್ಕೆ ಹೋಗ, ಒಂದೂವರೆ ಗಂಟೆಯ ಇಂಗ್ಲಿಷ್ ಭಾಷಣವನ್ನು ಕೇಳಿ ಬಂದೆವು. ನಮ್ಮ ಸಾಲಿನಲ್ಲಿದ್ದ ಕನ್ನಡ ಶಾಲೆಯ ಮಕ್ಕಳು ತೆರೆಯ ಮೇಲಿನ ಚಿತ್ರಗಳನ್ನು ನೋಡಿ, ಚಪ್ಪಾಳೆ ತಟ್ಟಬೇಕಾದಲ್ಲಿ ತಟ್ಟಿ, ಒಂದೂ ಪ್ರಶ್ನೆ ಕೇಳದೆ ಎದ್ದುಹೋದರು. ವಕ್ತಾರರ ವಿದ್ವತ್ತಿನಲ್ಲಿ ಕೊರತೆಯಿರಲಿಲ್ಲ. ಆದರೆ ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿತ್ತು. ಕುಂದಾಪುರದಲ್ಲಿ ಆದದ್ದು ಬೇರೆ. ಒಬ್ಬ ಹಿರಿಯ ಬೇಸಾಯಗಾರರು, “ರೋಹಿಣಿ ಮಳೆ ಬಪ್ಪತ್ತಿಗೆ ರೋಹಿಣಿ ನಕ್ಷತ್ರ ಎಲ್ಲಿರತ್ತ್?” ಎಂದು ಕೇಳಿದರು. ಎಷ್ಟು ಒಳ್ಳೆಯ ಪ್ರಶ್ನೆ! ಉತ್ತರವೂ ಅಷ್ಟೇ ಸೊಗಸಾಗಿತ್ತು. ಮೇ 25ರ ಸುಮಾರಿಗೆ ಸೂರ್ಯನು ರೋಹಿಣಿಯ ಭಾಗಕ್ಕೆ ಬರುತ್ತಾನೆ, ಜೂನ್ 8ರ ಹೊತ್ತಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರೆ. ಸೂರ್ಯನ ಜೊತೆಯಲ್ಲೇ ಇರುವುದರಿಂದ ಆ ನಕ್ಷತ್ರ ಆಗ ನಮಗೆ ಕಾಣಿಸುವುದಿಲ್ಲ. ಡಿಸೆಂಬರಿನ ರಾತ್ರಿ ಅದು ನೆತ್ತಿಗೇರುತ್ತದೆ. ವರ್ಷದ ದಿನಗಳನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರೆ ಒಂದೊಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ. ಹಿರಿಯರ ಮಳೆಲೆಕ್ಕವು ಸೂರ್ಯನ ದಾರಿಯ ಲೆಕ್ಕವೇ ಎಂದು ತಿಳಿದಾಗ ಆ ಬೇಸಾಯಗಾರರ ಮುಖ ಅರಳಿತು. ಮಾತೃಭಾಷೆಯಲ್ಲಿ ನಡೆದ ಉಪನ್ಯಾಸವು ಹಳೆಯ ತಿಳಿವನ್ನು ಹಳಿಯದೆ, ಅದರೊಳಗಿನ ಕಾಳನ್ನೂ ಹೊಟ್ಟನ್ನೂ ಕೇರಿಕೊಡುತ್ತದೆ.

ಮನೆಯಂಗಳದ ಒಂದು ಪ್ರಯೋಗ

ಉಪನ್ಯಾಸಕ್ಕೆ ಹೋಗಲಾಗದ ಕುಟುಂಬಗಳಿಗೆ ಮನೆಯಂಗಳದಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇವೆ. ಏಪ್ರಿಲ್ 25ರಿಂದ 27ರ ಒಳಗೆ ಸೂರ್ಯನು ನಡುಹಗಲಿನಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ನೆತ್ತಿಯ ಮೇಲೆ ಇದೇ ಕ್ರಮದಲ್ಲಿ ಹಾದುಹೋಗುತ್ತಾನೆ. ಕುಂದಾಪುರದಲ್ಲಿ ಅದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 29 ನಿಮಿಷಕ್ಕೆ. ಆ ಕ್ಷಣದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಆಗಸ್ಟ್ ನಡುಭಾಗದಲ್ಲಿ ಮತ್ತೊಮ್ಮೆ ಹೀಗಾಗುತ್ತದೆಯಾದರೂ ಮಳೆಮೋಡದಿಂದಾಗಿ ಇಲ್ಲಿ ಕಾಣುವುದು ದುರ್ಲಭ.

ಕುಂದಾಪುರದಲ್ಲಿ ನೆರಳಿಲ್ಲದ ಆ ದಿನ ವಿಜಯಪುರದಲ್ಲಿರುವ ನಿಮ್ಮ ಬೀಗರಿಗೆ ದೂರವಾಣಿ ಮಾಡಿ, ಒಂದು ಮೀಟರ್ ಎತ್ತರದ ಕೋಲನ್ನು ಅಂಗಳದಲ್ಲಿ ನೆಡಲು ಹೇಳಿರಿ. ಅವರ ನಡುಹಗಲು ಇಲ್ಲಿಗಿಂತ ನಾಲ್ಕು ನಿಮಿಷ ಮೊದಲು. ಆಗ ಅವರ ಕೋಲಿಗೆ ಸುಮಾರು ಐದೂವರೆ ಸೆಂಟಿಮೀಟರ್ ನೆರಳಿರುತ್ತದೆ. ಆ ನೆರಳಿನ ಕೋನ 3.2 ಡಿಗ್ರಿ. ಎರಡು ಊರುಗಳ ನಡುವಣ ತೆಂಕಣ–ಬಡಗಣ ಅಂತರವನ್ನು ನಕ್ಷೆಯಲ್ಲಿ ಅಳೆದರೆ ಸುಮಾರು 355 ಕಿಲೋಮೀಟರ್. 3.2 ಡಿಗ್ರಿಗೆ 355 ಕಿಲೋಮೀಟರಾದರೆ ಸುತ್ತಿನ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್. ಅದೇ ಭೂಮಿಯ ಸುತ್ತಳತೆ! ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥನೀಸನು ಮಾಡಿದ ಕೆಲಸವನ್ನು ಎರಡು ಬೀಗರ ಮನೆಗಳ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಅಳತೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ನೆರಳು ಅಂಜಿಸುವ ವಸ್ತುವಲ್ಲ, ಅಳೆಯುವ ವಸ್ತುವೆಂಬುದು ಮಗುವಿನ ಮನಸ್ಸಿಗೆ ನಾಟಿದರೆ ಸಾಕು.

ಎಚ್ಚರಿಕೆಯ ಮಾತೊಂದನ್ನು ತಾಯಂದಿರು ಮರೆಯಬಾರದು. ಗ್ರಹಣವಿರಲಿ, ಇಲ್ಲದಿರಲಿ, ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಬಾರದು. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ, ತಂಪು ಕನ್ನಡಕ ಯಾವುದೂ ಸುರಕ್ಷಿತವಲ್ಲ. ಪ್ರಮಾಣಿತ ಸೌರ ಕನ್ನಡಕವನ್ನೇ ಬಳಸಬೇಕು. ಇಲ್ಲವೇ ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನುಹಾಕಿ ನಿಂತು, ಗೋಡೆಯ ಮೇಲೆ ಬೀಳುವ ಬಿಂಬವನ್ನು ನೋಡಬೇಕು. ಚಂದ್ರಗ್ರಹಣವನ್ನಾದರೋ ಹಸುಳೆಯೂ ಬರಿಗಣ್ಣಿನಿಂದ ನೋಡಬಹುದು.

ನಮ್ಮ ಸಂಸ್ಥೆಗಳಲ್ಲಿ ಒಂದು ಬಿನ್ನಹ

ನಮ್ಮ ಸಮಾಜಕ್ಕೆ ವಿದ್ಯಾಸಂಸ್ಥೆಗಳ ಕೊರತೆಯಿಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಹುಟ್ಟಿದವು. ಸುತ್ತೂರು, ಸಿದ್ಧಗಂಗೆ, ಚಿತ್ರದುರ್ಗ ಮೊದಲಾದ ಮಠಗಳ ಶಾಲೆ ಕಾಲೇಜುಗಳಲ್ಲಿ ಓದಿದವರು ಅಸಂಖ್ಯಾತ. ಭೌತಶಾಸ್ತ್ರ ವಿಭಾಗವಿರುವ ಪ್ರತಿಯೊಂದು ಕಾಲೇಜೂ ತಿಂಗಳಿಗೊಂದು ಸಂಜೆ ತನ್ನ ಬಾಗಿಲನ್ನು ಊರವರಿಗೆ ತೆರೆದು, ಕನ್ನಡದಲ್ಲಿ ಒಂದು ಉಪನ್ಯಾಸ, ಅಂಗಳದಲ್ಲಿ ಒಂದು ದೂರದರ್ಶಕ ಇರಿಸಬಾರದೇ? ಅನ್ನದಾಸೋಹಕ್ಕೆ ಹೆಸರಾದ ನಮ್ಮ ಮಠಗಳಿಗೆ ಇದು ಭಾರವಾದೀತೇ? ಮೊದಲು ಪ್ರಸಾದ ನಿಲಯಗಳ ಮಕ್ಕಳನ್ನು ಕರೆಯಲಿ ಎಂಬುದು ನಮ್ಮ ವಿಶೇಷ ಪ್ರಾರ್ಥನೆ. ಅದೇಕೆಂದು ವಾಚಕರು ಬಲ್ಲರು.

2027ರ ಆಗಸ್ಟ್ 2ರ ಸಂಜೆ ನಮ್ಮ ನಾಡಿನಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಕರಾವಳಿಯಲ್ಲಿ ಅದು ಮಳೆಗಾಲ. ಕಾಣುವುದು ಮೋಡದ ಕೃಪೆ. ಬಯಲುಸೀಮೆಯವರಿಗೆ ಅವಕಾಶ ಹೆಚ್ಚು. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣ ಹಾಯುತ್ತದೆ. ಅಂದು ನಮ್ಮಲ್ಲಿಯೂ ಸೂರ್ಯನು ಬಹಳಷ್ಟು ಮರೆಯಾಗುತ್ತಾನೆ. ಆ ದಿನಗಳಲ್ಲಿ ನಮ್ಮ ಮನೆಗಳ ಒಲೆ ಉರಿಯಲಿ, ಬಸುರಿಯರು ಹೊಟ್ಟೆತುಂಬ ಉಣ್ಣಲಿ, ಮಕ್ಕಳು ಸೂಜಿತೂತಿನ ರಟ್ಟು ಹಿಡಿದು ಅಂಗಳಕ್ಕಿಳಿಯಲಿ. ನಾವು ಆ ವೇಳೆಗೆ ಇದ್ದರೆ, ಅವರೊಡನೆ ಬೆನ್ನು ತಿರುಗಿಸಿ ನಿಂತು, ಗೋಡೆಯ ಮೇಲಿನ ಆ ಪುಟ್ಟ ಬಿಂಬವನ್ನು ನೋಡುವ ಆಸೆಯಿದೆ. 1980ರ ಸಾಲ ಅಷ್ಟಕ್ಕೆ ತೀರಲಾರದು, ಬಡ್ಡಿಯಾದರೂ ಸಂದೀತು.